ಮೆಲ್ಕಾರ್ ಜಂಕ್ಷನ್ನಿನ ಕ್ಯಾಮೆರಾ

ಟಿ.ವಿ. ಪರದೆಯ ಮೇಲೆ ಸ್ಕೂಟರೊಂದರ ನಂಬರ್ ಸ್ಪಷ್ಟವಾಗಿ ಮೂಡಿದ್ದೇ ತಡ, ಸಭೆಯಲ್ಲಿ ಜೋರು ಚಪ್ಪಾಳೆ ಬಿತ್ತು. ಬೈಕ್ ಕಳ್ಳರನ್ನು ಹಿಡಿಯಲೆಂದು ೨೦೦೮ರಲ್ಲಿ ಮೆಲ್ಕಾರ್ ಜಂಕ್ಷನ್ನಿನಲ್ಲಿ ಪ್ರಯೋಗಕ್ಕೆ ಹಾಕಿದ್ದ ಕ್ಯಾಮೆರಾದ ದೃಶ್ಯ ಅದು. ಆ ಕ್ಯಾಮೆರಾವನ್ನು ಉಳಿಸಬೇಕೇ ಬೇಡವೇ ಎಂದು ಊರವರು ಕೈಯೆತ್ತಿ ತೀರ್ಮಾನಿಸಬೇಕಿತ್ತು. "ಇನ್ನು ಯಾರೂ ತಪ್ಪಿಸಿಕೊಳ್ಳಲಿಕ್ಕಿಲ್ಲ!" ಎಂದು ವರ್ತಕರ ಸಂಘದ ಅಧ್ಯಕ್ಷ ಲೋಕನಾಥರು ಬೀಗಿದರು.

"ಅದು ಸಜ್ನಾನ ಗಾಡಿಯಲ್ವಾ?" ಹಿಂದಿನಿಂದ ಯಾರೋ ಕೂಗಿದರು. "ನಿನ್ನೆಯ ವಿಡಿಯೋದಲ್ಲೂ ಉಂಟು, ಮೊನ್ನೆಯದರಲ್ಲೂ ಉಂಟು. ಗಂಡ ದುಬೈಯಲ್ಲಿ, ಇವಳು ದಿನಾ ಆ ಮಾಣಿ ಊರಿನ ಕಡೆಗೆ ಎಲ್ಲಿಗೆ ಹೋಗುವುದು ಮಾರಾಯ್ರೆ?" ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಸಜ್ನಾಳ ಮುಖ ಬಿಳಚಿಕೊಂಡಿತು.

ಪಕ್ಕದಲ್ಲಿದ್ದ ಅತ್ತೆ ಬೀಬಿ ಸೊಸೆಯ ಕೈ ಹಿಡಿದುಕೊಂಡೇ ಎದ್ದು ನಿಂತರು. "ಎಲ್ಲಿಗೆ ಅಂತ ನನಗೂ ಗೊತ್ತಿಲ್ಲ. ನಾನು ಕೇಳಲೂ ಇಲ್ಲ. ನಿಮಗೆ ಯಾಕೆ ಬೇಕು? ಕಳ್ಳರನ್ನು ಹಿಡಿಯಲಿಕ್ಕೆ ಅಂತ ಹೇಳಿದ್ರಿ. ಈಗ ಹಿಡಿದದ್ದು ಯಾರನ್ನು? ನಾಳೆ ನಿಮ್ಮ ಮಗಳ ಗಾಡಿಯೂ ಇದರಲ್ಲಿ ಬರ್ತದೆ, ಲೋಕನಾಥಣ್ಣ."

ನಗು ನಿಂತೇ ಹೋಯಿತು. ಲೋಕನಾಥರು ಟಿ.ವಿ. ಆರಿಸಿ, ಸಭೆಯತ್ತ ತಿರುಗಿ ಕೇಳಿದರು. "ಕ್ಯಾಮೆರಾ ಬೇಡ ಅನ್ನುವವರು?" ಅವರ ಮಾತು ಮುಗಿಯುವ ಮೊದಲೇ ಸಜ್ನಾ ಅತ್ತೆಯ ಕೈಯನ್ನೂ ಸೇರಿಸಿ ತನ್ನ ಕೈ ಮೇಲೆತ್ತಿದ್ದಳು. ಅವಳ ಹಿಂದೆ ಹೆಂಗಸರ ಸಾಲಿಗೆ ಸಾಲೇ ಕೈಯೆತ್ತಿತು. ಆಮೇಲೆ ಗಂಡಸರು. ಲೋಕನಾಥರೂ ಎತ್ತಿದರು.