ಎಸ್ ಸರ್

"ಅಂಕಲ್, ಬಂದು ನಯನಾನ ಮನೆಗೆ ಕರ್ಕೊಂಡು ಹೋಗಿ. ಹಾಸ್ಟೆಲ್ ರೂಮು ಬಿಟ್ಟು ಹೊರಗೇ ಬರ್ತಿಲ್ಲ. ಬದುಕೋದೇ ಬೇಡ ಅಂತಾಳೆ."

ನನ್ನ ಗೆಳತಿ ನಯನಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮೆಸ್ಸಿನಿಂದ ನಾನು ತಂದಿಟ್ಟ ಅನ್ನ ತಣ್ಣಗಾಗಿತ್ತು.

"ಊರಿಗೆ ಬರೋಕೆ ಹೊಸ ನಾಟಕ," ಫೋನಿನಲ್ಲಿ ಅವಳ ಅಪ್ಪ ನಕ್ಕರು. "ನಿನ್ನನ್ನೂ ಸೇರಿಸಿಕೊಂಡಳಾ?"

"ನಾಟಕ ಅಲ್ಲ ಅಂಕಲ್. ಡಾಕ್ಟರಿಗೆ ತೋರಿಸಲೇಬೇಕು."

"ನಿನ್ನೆ ತಾನೆ ನಿಮ್ಮ ಮೇಷ್ಟ್ರನ್ನ ಕೇಳಿದೆನಮ್ಮ. ಒಂದು ಕ್ಲಾಸೂ ತಪ್ಪಿಸಿಲ್ವಂತೆ. ಹಾಜರಿ ಕರೆದಾಗ ದಿನಾ 'ಎಸ್ ಸರ್' ಅಂತಾಳಂತೆ."



"ಅದು ಅವಳಲ್ಲ ಅಂಕಲ್, ನಾನು. ಪರೀಕ್ಷೆಗೆ ಕೂರಿಸದೆ ಬಿಟ್ಟಾರು ಅಂತ ನಾನೇ ದನಿ ಬದಲಿಸಿ ಕೂಗ್ತಿದ್ದೆ."



"ಹಾಗಾದ್ರೆ ಅವಳಿಗೋಸ್ಕರ ಸುಳ್ಳು ಹೇಳೋದು ನಿಂಗೆ ಅಭ್ಯಾಸಾನೇ," ಎಂದು ಅವರು ಫೋನಿಟ್ಟರು.