ಗೆರೆ ದಾಟಿದ ಕೈ

"ಕೊಡು ಮಗಳೇ, ಆ ಬ್ಯಾಟನ್ ಕೊಡು. ನನ್ನ ಆಫೀಸಿನ ಗಾಜಿನ ಬೀರುವಿನಲ್ಲಿರಲಿ. ನಾವೆಲ್ಲ ಸೇರಿ ಗೆದ್ದಿದ್ದು ತಾನೇ!" ಕುಮಾಸಿ ನಗರದ ಸನ್ಮಾನದ ವೇದಿಕೆಯಲ್ಲಿ ಅಥ್ಲೆಟಿಕ್ಸ್ ಸಂಘದ ಅಧ್ಯಕ್ಷ ಬೋನ್ಸು ಕ್ಯಾಮೆರಾಗಳ ಕಡೆ ಹಲ್ಲು ಕಿರಿಯುತ್ತ ಬಲಗೈ ಚಾಚಿದ.

ನಾವೆಲ್ಲ! ಕೋಚ್‌ಗೆಂದು ಬಂದ ವಿಮಾನದ ಟಿಕೆಟ್ಟಿನಲ್ಲಿ ಹೆಂಡತಿಯನ್ನು ವಿದೇಶದ ಕ್ರೀಡಾಕೂಟಕ್ಕೆ ಕರೆದುಕೊಂಡು ಹೋದವನು ಇವನೇ. ರಿಲೇ ತಂಡದ ಹುಡುಗಿಯರು ಬೇರೆ ದೇಶದವರ ಹತ್ತಿರ ಶೂ ಬೇಡಿ ಹಾಕಿಕೊಂಡು ಚಿನ್ನಕ್ಕಾಗಿ ಓಡುತ್ತಿದ್ದಾಗ, ಈ ಮಹಾಶಯ ಅಂಗಡಿ ಬೀದಿಯಲ್ಲಿ ಹೆಂಡತಿಯ ಚೀಲ ಹೊರುತ್ತಿದ್ದ. ಈಗ ನೋಡಿದರೆ, ಓಡಿದ್ದೇ ತಾನು ಎನ್ನುವ ಹಾಗೆ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಾನೆ.

ಕೊನೆಯವಳಾಗಿ ಓಡಿ ತಂಡವನ್ನು ಗೆಲ್ಲಿಸಿದ್ದ ಸೆರ್ವಾ ಬಲಗೈಯಲ್ಲಿದ್ದ ಬ್ಯಾಟನ್ನನ್ನು, ಆ ರಿಲೇ ಕೋಲನ್ನು, ನಿಧಾನವಾಗಿ ಎಡಗೈಗೆ ಬದಲಾಯಿಸಿದಳು. ಆ ಎಡಗೈಯನ್ನೇ ಅವನ ಮೂಗಿನ ಮುಂದೆ ಹಿಡಿದಳು. ಮುಂದಿನ ಸಾಲಿನ ಹಿರಿಯರು ಕುರ್ಚಿಯಿಂದ ಅರ್ಧ ಎದ್ದರು. ಆ ನಾಡಿನಲ್ಲಿ ಭಿಕ್ಷುಕನಿಗೂ ಯಾರೂ ಎಡಗೈಯಲ್ಲಿ ಕೊಡುವುದಿಲ್ಲ. ಅಪ್ಪಿತಪ್ಪಿ ಕೊಟ್ಟರೆ ತಕ್ಷಣ ತಪ್ಪಾಯ್ತು ಎನ್ನುತ್ತಾರೆ.

"ತಪ್ಪಾಯ್ತು ಅನ್ನೇ!" ಬೋನ್ಸು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಯಾಕೆ ಅಧ್ಯಕ್ಷರೇ? ಇದನ್ನ ಹಿಡ್ಕೊಂಡು ಗೆರೆ ದಾಟಿದ್ದು ಇದೇ ಕೈ. ಅವತ್ತು ನೀವು ಅಲ್ಲಿ ಇರ್ಲಿಲ್ಲ, ಪಾಪ, ಹೇಗೆ ಗೊತ್ತಾಗುತ್ತೆ? ಬೇಡವಾದ್ರೆ ಬಿಡಿ, ನಮ್ಮಜ್ಜಿಗೆ ಮೆಣಸಿನಕಾಯಿ ಅರೆಯೋಕೆ ಆಗುತ್ತೆ."

ಸಭೆಯ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಕ್ಯಾಮೆರಾಗಳು ಮಿಂಚುತ್ತಲೇ ಇದ್ದವು. ಬೋನ್ಸು ಹಲ್ಲು ಕಿರಿದುಕೊಂಡೇ, ತಲೆ ಬಗ್ಗಿಸಿ, ಎರಡೂ ಕೈಯೊಡ್ಡಿ ಇಸಿದುಕೊಂಡ.