ಒಡಪಿಲ್ಲದ ಹೆಸರು

“ಯಾರ ಹೆಸರ್ಲೆ ಲಾಗಿನ್ ಆಗತೈತ್ರಿ?” ಎಂದು ಹುಬ್ಬಳ್ಳಿಯ ಮುಖ್ಯ ಕಚೇರಿಯವನು ಸ್ಪೀಕರ್ ಫೋನಿನಲ್ಲಿ ಕೇಳಿದಾಗ ಪ್ರಮಿಳಾ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಗಂಡ ತೀರಿದ ಮೇಲೆ ಬೆಳಗಾವಿಯ ಪತ್ರಿಕಾ ಕಚೇರಿಯಲ್ಲಿ ಅವನ ಕುರ್ಚಿಯೇ ಅವಳಿಗೆ ಬಂದಿತ್ತು. ಅವನು ಕಂಪ್ಯೂಟರಿನಲ್ಲಿ ಬರೆದಿಟ್ಟ ಸ್ಕ್ರಿಪ್ಟು ದಿನವೂ ತಾನೇ ಹುಬ್ಬಳ್ಳಿಯ ಸರ್ವರಿಗೆ ಅವನ ಹೆಸರು ಹೇಳಿ, ಖಾನಾಪುರದ ಸುದ್ದಿಯನ್ನೆಲ್ಲ ಮುಟ್ಟಿಸುತ್ತಿತ್ತು. ಇಂದು ಸರ್ವರು ಒಳಗೆ ಬಿಡುತ್ತಿಲ್ಲ.

ಗಂಡನ ಹೆಸರನ್ನು ಅವಳು ಎಂದೂ ಬರಿದೆ ಹೇಳಿದವಳಲ್ಲ. ಆರತಿಯ ಹೊತ್ತಿಗೆ ಹೆಂಗಸರು ಕಾಡಿದರೆ ಪ್ರಾಸದ ಸಾಲಿನ ಒಡಪು ಕಟ್ಟಿ, ಅದರ ಮಡಿಲಲ್ಲಿಟ್ಟು ಹೇಳುತ್ತಿದ್ದಳು.

“ಹೇಳ್ರಿ ವೈನಿ, ಪೇಜ್ ನಿಂತೈತಿ. ಒಡಪು ಹಾಕಾಕ ಇದೇನ ಲಗ್ನದ ಮನೀನ?” ಎಂದ ಬಾಜುವಿನ ಮೇಜಿನ ಸಂಜಯ.

“ನಾಗಲಿಂಗ,” ಎಂದಳು.

“ಓ, ಆ ಹೆಸರ್ರಿ?” ಎಂದ ಹುಬ್ಬಳ್ಳಿಯವನು. “ತೀರಕೊಂಡವರದು ಇಡಬ್ಯಾಡಂತ ಮುಂಜಾನಿನ ತಗದೇವ್ರಿ. ನಿಮ್ಮ ಹೆಸರ್ಲೆ ಹೊಸಾದು ಮಾಡಿ ಕೊಡ್ತೀನಿ. ಸ್ಕ್ರಿಪ್ಟಿನ್ಯಾಗೂ ಅದನ್ನ ಅಳಿಸಿ ನಿಮ್ಮದ ಹಾಕ್ರಿ.”

ಪ್ರಮಿಳಾ ಸ್ಕ್ರಿಪ್ಟು ತೆರೆದಳು. ಗಂಡ ತನ್ನ ಕೈಯಾರೆ ಬರೆದಿದ್ದ ಹೆಸರಿನ ಕೊನೆಗೆ ಕರ್ಸರು ಇಟ್ಟು, ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸತೊಡಗಿದಳು. ಅರ್ಧಕ್ಕೆ ಬೆರಳು ನಿಂತಿತು.

“ಒಂದಕ್ಷರನೂ ಉಳೀಬಾರದ್ರಿ, ಅಕ್ಕಾರ,” ಎಂದಿತು ಫೋನು.